ಅಳುವಿನ ಹೆಸರಿನ ಮರ

ಓಬಮ್ಮ ತೀರಿಕೊಂಡ ಬೆಳಿಗ್ಗೆ ಗುರುಶಾಂತಮ್ಮ ಅಳಲಿಲ್ಲ. ಗಂಗನಕಟ್ಟೆಯವರಿಗೆ ಇದೇನೂ ಹೊಸದಲ್ಲ. ಹೋದ ವರ್ಷ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಸರ್ವಮಂಗಳ ಹೋದಾಗಲೂ ಈ ಹೆಂಗಸಿನ ಕಣ್ಣಲ್ಲಿ ಒಂದು ಹನಿ ಕಂಡವರಿರಲಿಲ್ಲ. ಮಗಳಿಗೇ ಅಳದವಳು ಮನೆಯ ಆಳಿಗೆ ಅಳುತ್ತಾಳೆಯೇ ಎಂದು ಜಗುಲಿಯ ಮೇಲೆ ಕೂತ ಹೆಂಗಸರು ಸೆರಗಿನ ಮರೆಯಲ್ಲಿ ಮಾತಾಡಿಕೊಂಡರು. ನಮ್ಮ ಕಡೆ ಸಾವಿನ ಮನೆಗೆ ಬರುವವರಲ್ಲಿ ಅರ್ಧ ಜನ ಅಳುವುದಕ್ಕೆ ಬರುತ್ತಾರೆ, ಉಳಿದರ್ಧ ಯಾರು ಎಷ್ಟು ಅತ್ತರೆಂದು ನೋಡಿಕೊಂಡು ಹೋಗುವುದಕ್ಕೆ ಬರುತ್ತಾರೆ. ಅವರ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ.

ಓಬಮ್ಮ ತೀರಿಕೊಂಡದ್ದು ಎಪ್ಪತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ. ಗಂಗನಕಟ್ಟೆಯೆಂದರೆ ಮಾಯಸಂದ್ರದಲ್ಲಿ ಬಸ್ಸಿಳಿದು ತೆಂಗಿನ ತೋಟಗಳ ನಡುವೆ ನಡೆದು ಬರಬೇಕಾದ ಊರು. ಸರ್ವಮಂಗಳಳನ್ನು ಚಿಕ್ಕನಾಯಕನಹಳ್ಳಿಯ ಆಚೆಗೆ ಕೊಟ್ಟಿದ್ದರು. ಎಂಥದೋ ಜ್ವರ ಬಂತು, ಏರಿತು, ಇಳಿಯಲೇ ಇಲ್ಲ. ಸುದ್ದಿ ಬಂದು, ಬಸ್ಸು ಬದಲಿಸಿ ಬದಲಿಸಿ ಇವರು ಹೋಗಿ ಮುಟ್ಟುವ ಹೊತ್ತಿಗೆ, ಬಿಸಿಲಲ್ಲಿ ಇಟ್ಟುಕೊಳ್ಳುವುದು ಬೇಡವೆಂದು ಬೀಗರು ಎಲ್ಲ ಮುಗಿಸಿಬಿಟ್ಟಿದ್ದರು. ಗುರುಶಾಂತಮ್ಮನಿಗೆ ನೋಡಲು ಸಿಕ್ಕಿದ್ದು ಒಂದಿಷ್ಟು ಒದ್ದೆ ಮಣ್ಣು, ಅದರ ಮೇಲೆ ಬಾಡಿದ ಹೂವು. ಯಾರೋ ಚೊಂಬಿನಲ್ಲಿ ನೀರು ಕೊಟ್ಟರು, ಕುಡಿದಳು. ವಾಪಸು ಬರುವ ಬಸ್ಸಿನಲ್ಲಿ ಪಕ್ಕದ ಹೆಂಗಸು ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರೆ, ಮಗಳ ಮನೆಗೆ ಎಂದಳು.

ಅವತ್ತಿನಿಂದ ಅವಳು ಮರಗಟ್ಟಿಹೋದಳು. ದುಃಖ ಇರಲಿಲ್ಲವೆಂದು ಹೇಳುವವರು ಮೂರ್ಖರು. ದುಃಖ ಇತ್ತು, ಆದರೆ ಅವಳ ಕೈಗೆ ಸಿಗುತ್ತಿರಲಿಲ್ಲ. ಸಾರಿಗೆ ಉಪ್ಪು ಹಾಕಲಾ ಎಂದರೆ ಆಯ್ತು. ಅಳಿಯನಿಗೆ ಬೇರೆ ಹೆಣ್ಣು ನೋಡಿದ್ದಾರಂತೆ ಎಂದರೂ ಆಯ್ತು. ಎಲ್ಲದಕ್ಕೂ ಅದೊಂದೇ ಮಾತು, ಒಂದೇ ದನಿ.

ಇದರಿಂದ ಮೊದಲು ಕೆಟ್ಟದ್ದು ಅಟ್ಟದ ಕೊಬ್ಬರಿ. ನಮ್ಮ ಕಡೆ ತೆಂಗಿನಕಾಯಿ ಕಿತ್ತ ತಕ್ಷಣ ಒಡೆಯುವುದಿಲ್ಲ. ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ವರ್ಷದ ಮಟ್ಟಿಗೆ ಮರೆತುಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಯಿತೋ ಇಲ್ಲವೋ ಎಂದು ತಿಳಿಯಲು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೇಳಬೇಕು. ಉಂಡೆ ಗಡಗಡ ಅಂದರೆ ಒಡೆಯಬಹುದು, ನೀರು ಗುಳುಗುಳು ಅಂದರೆ ಮತ್ತೆ ಅಟ್ಟಕ್ಕೆ. ಆ ಮನೆಯಲ್ಲಿ ಗುರುಶಾಂತಮ್ಮನ ಕಿವಿಯೇ ಕಿವಿ; ಅವಳು ಆರಿಸಿಕೊಟ್ಟ ಕಾಯನ್ನು ಯಾರೂ ಎರಡನೇ ಸಲ ಅಲ್ಲಾಡಿಸುತ್ತಿರಲಿಲ್ಲ. ಮಗಳು ಹೋದ ಮೇಲೆ ಮೊದಲನೇ ಸಲ ಅವಳು ಆರಿಸಿಕೊಟ್ಟ ರಾಶಿಯನ್ನು ಒಡೆದಾಗ ಅರ್ಧಕ್ಕರ್ಧ ಹಸಿ. ಚಿಪ್ಪಿಗೆ ಅಂಟಿಕೊಂಡ ಕೊಬ್ಬರಿ, ಅಂಗಳದ ತುಂಬ ಕಮಟು ನೀರು. ಅವಳು ಕಾಯಿಗಳನ್ನು ಅಲ್ಲಾಡಿಸಿದ್ದಳು, ಆದರೆ ಕೇಳಿರಲಿಲ್ಲ. ಗಂಡ ಬಸವರಾಜಪ್ಪ ಮೆದು ಮನುಷ್ಯ, ಎಲ್ಲವನ್ನೂ ಗೊಬ್ಬರದ ಗುಂಡಿಗೆ ಹಾಕಿಸಿದ.

ಆ ಮನೆಯಲ್ಲಿ ಸರ್ವಮಂಗಳಳಿಗಾಗಿ ಗಟ್ಟಿಯಾಗಿ ಅತ್ತವಳು ಒಬ್ಬಳೇ, ಓಬಮ್ಮ.

ಓಬಮ್ಮ ಗುರುಶಾಂತಮ್ಮನಿಗೆ ಹಾಲು ಕೊಟ್ಟವಳು. ಗುರುಶಾಂತಮ್ಮ ಹುಟ್ಟಿದಾಗ ಹೆತ್ತ ತಾಯಿಗೆ ಬಾಣಂತಿ ಸನ್ನಿ. ಅದೇ ವಾರ ತನ್ನ ಕೂಸನ್ನು ಕಳೆದುಕೊಂಡಿದ್ದ ಓಬಮ್ಮ ಈ ಮಗುವನ್ನು ಎದೆಗೆ ಹಾಕಿಕೊಂಡಳು. ಬೇರೆ ಜನ, ಕುರಿ ಕಾಯುವವರ ಪೈಕಿ. ಮಗುವಿನ ಹಸಿವಿಗೆ ಜಾತಿ ಗೊತ್ತಿರಲಿಲ್ಲ, ದೊಡ್ಡವರೂ ಆ ಹೊತ್ತಿಗೆ ಮರೆತಂತೆ ನಟಿಸಿದರು. ಹುಡುಗಿ ಮದುವೆಯಾಗಿ ಗಂಗನಕಟ್ಟೆಗೆ ಬರುವಾಗ ಓಬಮ್ಮನನ್ನೂ ಜೊತೆಗೆ ಕಳಿಸಿದರು. ಬಂದವಳು ಮತ್ತೆ ಹೋಗಲಿಲ್ಲ.

ಬರುವಾಗ ಓಬಮ್ಮನ ಮಡಿಲಲ್ಲಿ ಒಂದು ತೆಂಗಿನ ಸಸಿ ಇತ್ತು. ಬಸವರಾಜಪ್ಪನ ಮನೆತನದ ಪದ್ಧತಿ ಅದು: ಸೊಸೆ ತೌರಿನ ತೋಟದಿಂದ ಒಂದು ಸಸಿ ತರಬೇಕು. ಅದನ್ನು ನೆಡುವಾಗ ಮನೆಯ ಹಿರಿಯ, ಹತ್ತು ಜನರ ಎದುರಿಗೆ, "ಕಾಯಿ, ಗರಿ, ನೆರಳು, ಮೂರೂ ಸೊಸೆಯದು" ಎಂದು ಹೇಳಬೇಕು. ಆಮೇಲೆ ಆ ಮರದ ಒಂದು ಕಾಯಿಯನ್ನೂ ಬೇರೆಯವರು ಮುಟ್ಟುವಂತಿಲ್ಲ. ಗುರುಶಾಂತಮ್ಮನ ಸಸಿಗೆ ಗುಂಡಿ ತೋಡಿದವಳು, ನೀರು ಹೊತ್ತವಳು, ದನ ಬಾಯಿ ಹಾಕದ ಹಾಗೆ ಮುಳ್ಳು ಕಟ್ಟಿದವಳು ಓಬಮ್ಮ. ಈಗ ಅದು ತೋಟದ ಬಾಗಿಲಿನ ಪಕ್ಕದಲ್ಲೇ ಎತ್ತರಕ್ಕೆ ನಿಂತಿತ್ತು. ಎಲ್ಲರೂ ತೌರಿನ ಮರ ಅನ್ನುತ್ತಿದ್ದರು.

ಈ ವರ್ಷ ಓಬಮ್ಮನ ಕಾಲು ಊದಿಕೊಂಡವು, ಉಸಿರು ಕಟ್ಟತೊಡಗಿತು. ಮಾಯಸಂದ್ರದಿಂದ ನರ್ಸಮ್ಮ ಬಂದು ನೋಡಿ ಹೋಗುತ್ತಿದ್ದಳು. ತುಮಕೂರಿನ ಕ್ರಿಶ್ಚಿಯನ್ ಹೆಂಗಸು, ಬಿಳಿ ಸೀರೆ, ಕೊಡೆ. ಊರಲ್ಲಿ ಯಾರಿಗೂ ಅವಳ ಹೆಸರು ಗೊತ್ತಿರಲಿಲ್ಲ, ಯಾರೂ ಕೇಳಿರಲಿಲ್ಲ. ಕೇಳಿದವಳು ಓಬಮ್ಮ. ಒಂದು ಮಧ್ಯಾಹ್ನ ಹಿತ್ತಿಲ ಜಗುಲಿಯ ಮೇಲೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದಾಗ.

"ನರ್ಸಮ್ಮ ಅನ್ನೋದು ಒಂದು ಹೆಸ್ರೇನವ್ವಾ? ನಿಮ್ಮವ್ವ ನಿನ್ನ ಏನಂತ ಕರೀತಿದ್ಲು?"

"ದೆಬೋರಾ."

"ಅದ್ಯಾವ ದೇವ್ರು?"

"ದೇವರಲ್ಲ ಅಜ್ಜಿ. ಆಳು." ನರ್ಸಮ್ಮ ನಕ್ಕಳು. "ನಮ್ಮಪ್ಪ ಮಿಷನ್ ಶಾಲೆ ಮೇಷ್ಟ್ರು. ಬೈಬಲ್ಲಿನ ಊರುಗಳಿಗೆ ಆ ಹೆಸರು ಯಾಕೆ ಬಂತು ಅಂತ ಹುಡುಕೋ ಹುಚ್ಚು ಅವರಿಗೆ. ಅದರಲ್ಲಿ ದೆಬೋರಾ ಅಂತ ಇಬ್ಬರಿದ್ದಾರೆ. ಒಬ್ಬಳು ದೊಡ್ಡವಳು, ಖರ್ಜೂರದ ಮರದ ಕೆಳಗೆ ಕೂತು ನ್ಯಾಯ ಹೇಳ್ತಿದ್ದವಳು. ಎಲ್ಲರೂ ಮಕ್ಕಳಿಗೆ ಇಡೋದು ಅವಳ ಹೆಸರನ್ನೇ. ನಮ್ಮಪ್ಪ ಇನ್ನೊಬ್ಬಳ ಹೆಸರಿಟ್ಟರು. ರೆಬೆಕ್ಕ ಅಂತ ಒಬ್ಬಳು ಹುಡುಗಿ, ದೂರ ದೇಶಕ್ಕೆ ಮದುವೆಯಾಗಿ ಹೋದಳು. ಅವಳಿಗೆ ಹಾಲು ಕೊಟ್ಟು ಸಾಕಿದವಳನ್ನೂ ಜೊತೆಗೆ ಕಳಿಸಿದರು. ಅವಳೇ ಈ ದೆಬೋರಾ."

ಗೋಡೆಗೆ ಒರಗಿ ಕೂತಿದ್ದ ಗುರುಶಾಂತಮ್ಮನ ಕಡೆ ಓಬಮ್ಮ ಒಮ್ಮೆ ನೋಡಿದಳು. "ಆಮೇಲೆ?"

"ಆಮೇಲೆ ಏನೂ ಬರೆದಿಲ್ಲ. ಏನು ಮಾಡಿದಳು, ಏನು ಉಂಡಳು, ಒಂದೂ ಇಲ್ಲ. ಎಷ್ಟೋ ವರ್ಷ ಆದಮೇಲೆ, ಆ ಹುಡುಗಿಯ ಮಗ ಯಾಕೋಬ ಮುದುಕನಾಗ್ತಾ ಬಂದಾಗ, ಒಂದೇ ಒಂದು ಸಾಲು ಬರ್ತದೆ. ದೆಬೋರಾ ಸತ್ತಳು, ಬೇತೇಲ್ ಅನ್ನೋ ಊರಿನ ತಗ್ಗಿನಲ್ಲಿ ಒಂದು ದೊಡ್ಡ ಮರದ ಬುಡದಲ್ಲಿ ಹೂಳಿದರು, ಆ ಜಾಗಕ್ಕೆ ಅಲ್ಲೋನ್ ಬಾಕೂತ್ ಅಂತ ಹೆಸರಾಯ್ತು. ಇಬ್ರಿಯ ಭಾಷೆ ಅದು, ಬೈಬಲ್ಲಿನ ಮೂಲ ಭಾಷೆ. ಅಲ್ಲೋನ್ ಅಂದರೆ ಒಂದು ಜಾತಿ ಗಟ್ಟಿ ಮರ, ಬಾಕೂತ್ ಅಂದರೆ ಅಳು. ಅಳುವಿನ ಮರ."

"ಮರ ಯಾವ ಜಾತೀದು?"

"ಓಕ್ ಅಂತಾರೆ, ನಮ್ಮ ಕಡೆ ಇಲ್ಲ. ಕೆಲವರು ಅಲ್ಲ, ಅದೇ ಖರ್ಜೂರದ ಮರ ಅಂತಾರೆ. ಈಗ ಮರ ಇಲ್ಲವಲ್ಲ, ನೋಡಿದವರೂ ಇಲ್ಲ."

"ಮರವೇ ಹೋದ್ರೂ ಅಳೋದೊಂದು ಉಳ್ಕಂಡದೆ ಅನ್ನು." ಓಬಮ್ಮನಿಗೆ ನಗು ಬಂದು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಅವಳು ಕೇಳಿದ್ದು ಯಾವ ಪಂಡಿತನೂ ಕೇಳದ ಪ್ರಶ್ನೆ. "ಅಲ್ಲ ಕಣವ್ವ, ಹೂಳಿದ್ದು ಯಾರ ಜಮೀನಲ್ಲಿ?"

ನರ್ಸಮ್ಮ ತಬ್ಬಿಬ್ಬಾದಳು. "ಜಮೀನು ಅಂತ ಅವರಿಗೆ ಅಲ್ಲಿ ಇರಲಿಲ್ಲ ಅನ್ಸುತ್ತೆ. ಕುರಿ ಮೇಯಿಸಿಕೊಂಡು ಗುಡಾರ ಹಾಕಿಕೊಂಡು ತಿರುಗೋರು."

"ಅದಕ್ಕೇ ಮತ್ತೆ. ಜಮೀನು ಇಲ್ದೋರಿಗೆ ತಕರಾರಿಲ್ಲ." ಆಮೇಲೆ ಗುರುಶಾಂತಮ್ಮನ ಕಡೆ ತಿರುಗಿ, "ಶಾಂತೂ, ನನ್ನನ್ನ ತೌರಿನ ಮರದ ಬುಡದಾಗೆ ಇಡಿಸ್ತೀಯಾ? ನಾನು ಹೊತ್ಕಂಡು ಬಂದ ಮರ ಕಣೇ ಅದು. ನಂಗೆ ಬ್ಯಾರೆ ಯಾರವ್ರೆ?"

"ಆಯ್ತು" ಎಂದಳು ಗುರುಶಾಂತಮ್ಮ.

ಸಾರಿಗೆ ಉಪ್ಪು ಹಾಕಲಾ ಎಂದಾಗ ಹೇಳುತ್ತಿದ್ದ ಅದೇ ಆಯ್ತು. ಓಬಮ್ಮನಿಗೆ ಅದು ಗೊತ್ತಾಗಲಿಲ್ಲವೋ, ಗೊತ್ತಾದರೂ ಮಾತು ಮಾತೇ ಎಂದುಕೊಂಡಳೋ, ಸಮಾಧಾನವಾಗಿ ಕಣ್ಣು ಮುಚ್ಚಿದಳು. ವಾರ ಕಳೆಯುವುದರೊಳಗೆ ಒಂದು ಬೆಳಿಗ್ಗೆ ಎದ್ದೇಳಲಿಲ್ಲ.

ಆ ಮನೆಯಲ್ಲಿ ಯಾವುದೇ ತೀರ್ಮಾನ ಬಸವರಾಜಪ್ಪನ ಅಣ್ಣ ಮಲ್ಲಿಕಾರ್ಜುನಯ್ಯನವರದು. ಅವರಿಗೆ ಪದ್ಧತಿ ಅಂದರೆ ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ, ತುತ್ತುತುತ್ತಿಗೂ ಬೇಕು. ಕೆಟ್ಟವರಲ್ಲ. ಓಬಮ್ಮನಿಗೆ ಹೊಸ ಸೀರೆ ತರಿಸಿದರು, ಹಸಿರು ಬಿದಿರು ಕಡಿಸಿದರು, ತಾವೇ ನಿಂತು ಹೂವಿನ ಹಾರ ಕಟ್ಟಿಸಿದರು. ಓಬಮ್ಮ ತೋಟದಲ್ಲಿ ಜಾಗ ಕೇಳಿದ್ದಳಂತೆ ಎಂಬ ಮಾತು ಬಂದಾಗ ಮಾತ್ರ ತಲೆ ಅಡ್ಡಡ್ಡ ಆಡಿಸಿದರು.

"ಅಪ್ಪಾಜಿ ಗದ್ದುಗೆ ಇರೋ ತೋಟ ಅದು. ಅಲ್ಲಿ ನಮ್ಮವರನ್ನ ಬಿಟ್ಟು ಬೇರೆ ಜನಾನ ಇಟ್ಟಿಲ್ಲ. ಕೆರೆ ಏರಿ ಕೆಳಗೆ ಅವರ ಜನದ ಜಾಗ ಐತೆ, ಅಲ್ಲಿಗೇ ತಗೊಂಡ್ಹೋಗಲಿ. ಒಂದು ಕೊರತೆ ಆಗದ ಹಂಗೆ ನೋಡ್ಕೊಂತೀನಿ. ಏನಮ್ಮ?"

ಬಸವರಾಜಪ್ಪ ತನ್ನ ಕಾಲ ಹೆಬ್ಬೆರಳನ್ನು ನೋಡುತ್ತ ನಿಂತ. ಬಾಗಿಲ ಮರೆಯಿಂದ ಗುರುಶಾಂತಮ್ಮ, "ಆಯ್ತು" ಎಂದಳು.

ಆಡಿದ ಮೇಲೆ ತಾನು ಏನು ಆಡಿದೆ ಎಂದು ಅವಳಿಗೆ ತಿಳಿಯಿತು. ತಿಳಿದರೂ ಏನೂ ಆಗಲಿಲ್ಲ. ಚಟ್ಟ ಎತ್ತಿದರು, ತಮಟೆಯವನು ಮುಂದಾದ, ಗಂಡಸರು ಹಿಂದೆ ಹೋದರು. ಅವರ ಮನೆಯ ಹೆಂಗಸರು ಹೆಣದ ಹಿಂದೆ ಹೋಗುವವರಲ್ಲ. ಬಂದ ಹೆಂಗಸರೂ ಒಬ್ಬೊಬ್ಬರಾಗಿ ಎದ್ದು ಹೋದರು. ಗುರುಶಾಂತಮ್ಮ ಜಗುಲಿ ತೊಳೆಯಲು ನೀರು ತಂದಳು, ಆದರೆ ಸುರಿಯದೆ ಬಿಂದಿಗೆಯ ಪಕ್ಕದಲ್ಲೇ ಕೂತುಬಿಟ್ಟಳು.

ನರ್ಸಮ್ಮ ಬಂದಾಗ ಅವಳು ಹಾಗೆಯೇ ಕೂತಿದ್ದಳು. ಬಸ್ಸು ತಡವಾಗಿತ್ತು. ಬರಿದಾದ ಜಗುಲಿ ನೋಡಿದ ಕೂಡಲೇ ನರ್ಸಮ್ಮನಿಗೆ ಅರ್ಥವಾಯಿತು.

"ಕೆರೆ ಏರಿ ಕೆಳಕ್ಕೆ ತಗೊಂಡ್ಹೋದ್ರು. ನಾನೇ ಆಯ್ತು ಅಂದೆ" ಎಂದಳು ಗುರುಶಾಂತಮ್ಮ.

ನರ್ಸಮ್ಮ ಕೊಡೆ ಮಡಚಿ ಅವಳ ಪಕ್ಕದಲ್ಲಿ ಕೂತಳು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಗುರುಶಾಂತಮ್ಮನೇ ಕೇಳಿದಳು. ವರ್ಷದಲ್ಲಿ ಅವಳಾಗಿ ಕೇಳಿದ ಮೊದಲ ಪ್ರಶ್ನೆ ಅದೇ ಇರಬೇಕು.

"ಅವತ್ತು ಹೇಳಿದ್ರಲ್ಲ ನರ್ಸಮ್ಮ. ಒಬ್ಬಳು ಆಳು ಮುದುಕಿ ಸತ್ತಿದ್ದಕ್ಕೆ ಜಾಗಕ್ಕೇ ಅಳುವಿನ ಹೆಸರು ಬರೋವಷ್ಟು ಅತ್ರಾ ಅವರು? ಅಷ್ಟು ಅಳು ಎಲ್ಲಿಂದ ಬಂತು ಅವರಿಗೆ?"

"ಅದೇ ಅನುಮಾನ ಯೆಹೂದ್ಯರ ಹಿರಿಯರಿಗೂ ಬಂದಿತ್ತಂತೆ. ಅವತ್ತು ಓಬಮ್ಮಜ್ಜಿಗೆ ಸುಸ್ತಾಗಿತ್ತು, ನಾನು ಪೂರ್ತಿ ಹೇಳಲಿಲ್ಲ." ನರ್ಸಮ್ಮ ಅಂಗಳದ ಕಡೆ ನೋಡುತ್ತ ಹೇಳಿದಳು. "ಯಾಕೋಬ ಸಣ್ಣವನಿದ್ದಾಗ ಅಣ್ಣನ ಹತ್ತಿರ ಜಗಳ ಆಗಿ ಮನೆ ಬಿಡಬೇಕಾಯ್ತು. ತಾಯಿ ರೆಬೆಕ್ಕ, ಸ್ವಲ್ಪ ದಿನ ನಮ್ಮಣ್ಣನ ಮನೇಲಿರು, ಆಮೇಲೆ ನಾನೇ ಹೇಳಿ ಕಳಿಸ್ತೀನಿ ಅಂದಳು. ಸ್ವಲ್ಪ ದಿನ ಹೋಗಿ ಎಷ್ಟೋ ವರ್ಷ ಆಯ್ತು. ಕೊನೆಗೆ ಕರೆಯೋಕೆ ಅಂತ ಅವಳು ಕಳಿಸಿದ್ದು ಈ ದೆಬೋರಾನ್ನೇ ಅಂತ ಹಿರಿಯರು ಹೇಳ್ತಾರೆ. ಮುದುಕಿ ದಾರೀಲಿ ಸತ್ತಳು. ಅವಳನ್ನ ಮರದ ಬುಡದಲ್ಲಿ ಇಡ್ತಾ ಇರಬೇಕಾದರೆ ಇನ್ನೊಂದು ಸುದ್ದಿ ಬಂತಂತೆ, ನಿನ್ನ ತಾಯೀನೂ ಹೋದಳು ಅಂತ."

ಗುರುಶಾಂತಮ್ಮ ಅಲ್ಲಾಡದೆ ಕೇಳಿದಳು.

"ರೆಬೆಕ್ಕ ಯಾವಾಗ ಸತ್ತಳು ಅಂತ ಬೈಬಲ್ಲಿನಲ್ಲಿ ಒಂದು ಸಾಲಿಲ್ಲ. ಆಳಿನ ಸಾವು ಬರೆದಿದ್ದಾರೆ, ಯಜಮಾನಿಯದು ಬರೆದಿಲ್ಲ. ಮುಖ ನೋಡೋಕೆ ಸಿಗದೆ ಹೋದ ತಾಯಿಗೆ ಅವನು ಅತ್ತಿದ್ದು ಈ ಮುದುಕಿಯ ಗುಂಡಿಯ ಹತ್ತಿರ. ಅದಕ್ಕೇ ಅಷ್ಟು ಅಳು, ಅದಕ್ಕೇ ಆ ಹೆಸರು. ನಮ್ಮಪ್ಪ ಹೀಗೆ ಹೇಳ್ತಿದ್ದರು."

ಗುರುಶಾಂತಮ್ಮನಿಗೆ ಏನನ್ನಿಸಿತು ಎಂದು ಕೇಳಿದರೆ ಅವಳಿಗೇ ಗೊತ್ತಿರಲಿಲ್ಲ. ಎದೆಯೊಳಗೆ ಏನೂ ಆಗಲಿಲ್ಲ. ಕಾಲು ಮಾತ್ರ ಎದ್ದವು. ಚಪ್ಪಲಿ ಹಾಕದೆ, ಸೆರಗು ಸರಿಮಾಡದೆ ಅವಳು ಅಂಗಳ ದಾಟಿ ತೋಟದ ದಾರಿ ಹಿಡಿದಳು. ಹಿಂದಿನಿಂದ ನರ್ಸಮ್ಮ ಓಡಿದಂತೆ ನಡೆದಳು.

ಕೆರೆ ಏರಿಗೆ ಹೋಗುವ ದಾರಿ ಇವರ ತೋಟದ ಬಾಗಿಲನ್ನು ಹಾದೇ ಹೋಗಬೇಕು. ಹೆಣ ಹೊತ್ತವರು ಅರ್ಧ ದಾರಿಯಲ್ಲಿ ಒಂದು ಸಲ ಚಟ್ಟ ಇಳಿಸಿ ಹೆಗಲು ಬದಲಿಸುವುದು ರೂಢಿ. ಅವತ್ತು ಇಳಿಸಿದ್ದು ತೋಟದ ಬಾಗಿಲಲ್ಲಿ, ಏರಿಯ ಕೆಳಗೆ ಗುಂಡಿ ತೋಡಿ ಆಗುವವರೆಗೆ ಕಾಯಲೆಂದು. ತಮಟೆಯವನು ಬೀಡಿ ಹಚ್ಚಿದ್ದ. ಇನ್ನೇನು ಎತ್ತಬೇಕು ಅನ್ನುವಾಗ ಗುರುಶಾಂತಮ್ಮ ಬಂದು ಚಟ್ಟದ ಬಿದಿರನ್ನು ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಳು.

"ಇಲ್ಲೇ. ಒಳಗೆ ತಗೊಂಡು ನಡೀರಿ."

ಗಂಡಸರೆಲ್ಲ ಬಸವರಾಜಪ್ಪನನ್ನು ನೋಡಿದರು, ಬಸವರಾಜಪ್ಪ ಅಣ್ಣನನ್ನು ನೋಡಿದ.

"ಹೆಂಗಸರು ಇಲ್ಲಿಗೆ ಬರೋ ಪದ್ಧತಿ ಇಲ್ಲ. ಏಳಮ್ಮ. ಆಗಲೇ ಆಯ್ತು ಅಂದಿದ್ದೀಯ" ಎಂದರು ಮಲ್ಲಿಕಾರ್ಜುನಯ್ಯ.

ಮದುವೆಯಾಗಿ ಬಂದಾಗಿನಿಂದ ಅವಳು ಭಾವನ ಎದುರಿಗೆ ಮುಖ ಎತ್ತಿ ಮಾತಾಡಿದವಳಲ್ಲ. ಈಗ ಮುಖ ಎತ್ತಿದಳು. ದನಿ ಮಾತ್ರ ಅದೇ ಒಣ ದನಿ.

"ಭಾವ, ತೌರಿನ ಮರದ ಕಾಯಿ ಯಾರದು?"

"ನಿಂದು. ಅದ್ಯಾಕೀಗ?"

"ಗರಿ?"

"ನಿಂದೇ. ಯಾರು ಇಲ್ಲ ಅಂದ್ರು?"

"ನೆರಳು?"

ಮಲ್ಲಿಕಾರ್ಜುನಯ್ಯ ತೌರಿನ ಮರದ ಕಡೆ ತಿರುಗಿ ನೋಡಿದರು. ಕಾಯಿ, ಗರಿ, ನೆರಳು ಎಂದು ತಮ್ಮ ಸೊಸೆಯಂದಿರ ಸಸಿ ನೆಡುವಾಗ ಊರಿಗೆ ಕೇಳುವ ಹಾಗೆ ಹೇಳಿದವರು ಅವರೇ. ಅಲ್ಲಿ ನಿಂತಿದ್ದವರೆಲ್ಲ ಆ ಸಸಿಗಳ ಸಮಾರಂಭದಲ್ಲಿ ಬೆಲ್ಲ, ಕಡಲೆ ತಿಂದವರು. ಒಬ್ಬ ಕೆಮ್ಮಿದ. ಪದ್ಧತಿಯನ್ನು ಮುರಿಯುವವರನ್ನು ಮಲ್ಲಿಕಾರ್ಜುನಯ್ಯ ಮಟ್ಟ ಹಾಕಬಲ್ಲವರಾಗಿದ್ದರು, ಪದ್ಧತಿಯನ್ನೇ ಹಿಡಿದುಕೊಂಡು ನೆಲದ ಮೇಲೆ ಕೂತವಳನ್ನು ಏನು ಮಾಡಬೇಕೋ ಅವರಿಗೆ ತಿಳಿಯಲಿಲ್ಲ.

"ನೆರಳು ಎಲ್ಲಿವರೆಗೆ ಐತೋ ಅಲ್ಲಿವರೆಗೆ" ಎಂದರು ಕೊನೆಗೆ, ಬೇರೆ ಕಡೆ ನೋಡುತ್ತ. "ಒಂದು ಗೇಣು ಆಚೆ ಬರಕೂಡದು."

ಹೊತ್ತು ನೆತ್ತಿಗೆ ಬಂದಿತ್ತು. ನೆರಳು ಬುಡದ ಸುತ್ತ ಒಂದು ಚಾಪೆಯಷ್ಟು ಬಿದ್ದಿತ್ತು. ಓಬಮ್ಮನಿಗೆ ಅಷ್ಟು ಸಾಕು, ಸಣ್ಣ ದೇಹ. ಗುದ್ದಲಿ ಹಿಡಿದ ತಿಪ್ಪಯ್ಯ, ವರ್ಷವೂ ಆ ತೋಟದ ಕಾಯಿ ಕೀಳುವವನು, ಅಗೆಯುವ ಮುಂಚೆ ಅನುಮಾನಿಸಿದ.

"ಅಮ್ಮಾರೇ, ಇಷ್ಟು ಹತ್ರ ಅಗದ್ರೆ ಬೇರು ಕಡಿತದೆ. ಮರ ಸೊರಗ್ತದೆ ಕಣ್ರೀ."

"ಸೊರಗಲಿ."

ತಿಪ್ಪಯ್ಯ ಅಗೆದ. ಬೆಳಿಗ್ಗೆಯಷ್ಟೇ ಕಾಲುವೆಯ ನೀರು ಹರಿದ ತೋಟ, ಮಣ್ಣು ಮೆತ್ತಗಿತ್ತು. ಕಡಿದ ಬೇರುಗಳ ತುದಿ ಕೆಂಪಾಗಿ ಕಂಡಿತು. ಓಬಮ್ಮನನ್ನು ಹೊಸ ಸೀರೆಯಲ್ಲೇ ಇಳಿಸಿದರು. ಮೊದಲ ಹಿಡಿ ಮಣ್ಣನ್ನು ಯಾರು ಹಾಕಬೇಕು ಎಂದು ಪ್ರಶ್ನೆ ಬಂತು. ಅವಳಿಗೆ ಮಗ ಇರಲಿಲ್ಲ, ಮಗಳಿರಲಿಲ್ಲ. ಯಾರೂ ಹೇಳುವ ಮುಂಚೆ ಗುರುಶಾಂತಮ್ಮ ಬಗ್ಗಿ ಒಂದು ಹಿಡಿ ತೆಗೆದುಕೊಂಡಳು.

ಕೈಯಲ್ಲಿ ಒದ್ದೆ ಮಣ್ಣು. ತಣ್ಣಗಿತ್ತು. ಅದರ ವಾಸನೆ ಬಂತು.

ಅವಳು ಅದನ್ನು ಹಾಕಲಿಲ್ಲ. ಹಿಡಿದುಕೊಂಡೇ ನಿಂತಳು. ಆಮೇಲೆ ಅವಳ ಗಂಟಲಿಂದ ಒಂದು ಸದ್ದು ಬಂತು, ಅಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿಯುವಂಥದು. "ಮಂಗಳಾ" ಎಂದಳು. ಇನ್ನೊಂದು ಸಲ ಅಂದಳು. "ಮಂಗಳಾ, ಬಂದೆ ಕಣೇ, ಈಗ ಬಂದೆ ಕಣೇ ನನ್ನವ್ವಾ!" ಗುಂಡಿಯ ಅಂಚಿನಲ್ಲಿ ಕೂತು, ಮಣ್ಣಿನ ಮುಷ್ಟಿಯನ್ನು ಎದೆಗೆ ಒತ್ತಿಕೊಂಡು ಅವಳು ಹೋದ ವರ್ಷದ ಅಳುವನ್ನು ಅತ್ತಳು. ನರ್ಸಮ್ಮ ದೂರದಲ್ಲೇ ನಿಂತಿದ್ದಳು, ಹತ್ತಿರ ಬರಲಿಲ್ಲ.

ಮಲ್ಲಿಕಾರ್ಜುನಯ್ಯನವರಿಗೆ ಕಸಿವಿಸಿಯಾಯಿತು. ಒಬ್ಬರ ಗುಂಡಿಯ ಮುಂದೆ ಇನ್ನೊಬ್ಬರ ಹೆಸರು ಹಿಡಿದು ಅಳುವುದು ಎಲ್ಲಾದರೂ ಉಂಟೇ? ತಮ್ಮನ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ ಹೇಳಿದರು.

"ಹೆಸರು ತಪ್ಪಿ ಕರೀತಾವಳೆ ಕಣಪ್ಪ. ಹೋಗಿ ಹೇಳು, ಇದು ಓಬಮ್ಮ ಅಂತ."

ಬಸವರಾಜಪ್ಪ ಹುಟ್ಟಿದಾಗಿನಿಂದ ಅಣ್ಣನ ಮಾತಿಗೆ ಎದುರಾಡಿದವನಲ್ಲ. ಅವನ ಗಡ್ಡದ ಮೇಲೆ ಆಗಲೇ ನೀರು ಇಳಿದಿತ್ತು, ಒರೆಸಿಕೊಳ್ಳಲಿಲ್ಲ.

"ತಪ್ಪಿಲ್ಲ, ಬುಡಣ್ಣ" ಎಂದು, ಹೋಗಿ ಹೆಂಡತಿಯ ಪಕ್ಕ ಮಣ್ಣಿನ ಮೇಲೆ ಕೂತ.

ಗುಂಡಿಯ ಆಚೆ ಬದಿಯಲ್ಲಿದ್ದ ತಿಪ್ಪಯ್ಯ ಗುದ್ದಲಿಯನ್ನು ಕೆಳಗಿಟ್ಟು, ಅವರಿಬ್ಬರೂ ಅತ್ತು ಮುಗಿಸುವವರೆಗೆ ಕಾದ.